ಕಟ್ಟು ಜೋಡಿಸುವ ಯಂತ್ರ ಗುಜರಿಯ ಪಾಲಾಗದಿರಲಿ

ಕಳೆದ ಮಳೆಗಾಲಕ್ಕೆ ಮುನ್ನ ನಮ್ಮ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯೊಂದು ಮುಚ್ಚಿತು. ದೇವರ ಪಟ, ಮದುವೆಯ ಭಾವಚಿತ್ರ, ಅಗಲಿದ ಹಿರಿಯರ ಫೋಟೋಗಳಿಗೆ ಮೂರು ದಶಕ ಕಟ್ಟು ಹಾಕಿಕೊಟ್ಟ ಯಜಮಾನರಿಗೆ ಕಣ್ಣು ಮಂಜಾಗಿತ್ತು. ಮಕ್ಕಳು ಬೆಂಗಳೂರು ಸೇರಿದ್ದರು. ಅಂಗಡಿಯಲ್ಲಿದ್ದ, ಕಾಲಿನಿಂದ ತುಳಿದು ನಡೆಸುವ ಜೋಡಣೆ ಯಂತ್ರವನ್ನು ಗುಜರಿಯವನು ಕಬ್ಬಿಣದ ತೂಕಕ್ಕೆ ಕೊಂಡೊಯ್ದ. ಅದೇ ತಿಂಗಳು ಹತ್ತಿರದ ಹಳ್ಳಿಯ ಬಡಗಿ ಯುವಕನೊಬ್ಬ ಅಂಥದೇ ಹೊಸ ಯಂತ್ರಕ್ಕೆ ಸಾಲ ಕೇಳಲು ಸಹಕಾರಿ ಸಂಘದ ಮೆಟ್ಟಿಲು ಹತ್ತುತ್ತಿದ್ದ. ನನಗೆ ಇಬ್ಬರೂ ಪರಿಚಿತರು. ಆದರೂ ಇವರನ್ನು ಒಂದೆಡೆ ಕೂಡಿಸಬೇಕೆಂದು ನನಗೆ ಹೊಳೆದದ್ದು ಗುಜರಿಯ ಗಾಡಿ ಹೋದ ಮೇಲೆ. ಈ ಬರಹ ಆ ತಪ್ಪಿನ ಒಪ್ಪಿಗೆಯೂ ಹೌದು.

ಕಾಡು, ಹೊಳೆ, ಗಣಿಗಳ ಮಾತಾಡುವ ಈ ಪುಟಗಳಲ್ಲಿ ಫೋಟೋ ಕಟ್ಟಿನ ಯಂತ್ರಕ್ಕೇನು ಕೆಲಸ ಎಂದು ಓದುಗ ಮಿತ್ರರು ಕೇಳಬಹುದು. ಗಣಿಯಿಂದ ಅದಿರು ಹೊರಡುವುದು ಯಂತ್ರವಾಗಲಿಕ್ಕೆ. ಇನ್ನೂ ಇಪ್ಪತ್ತು ವರ್ಷ ದುಡಿಯಬಲ್ಲ ಯಂತ್ರವನ್ನು ಕರಗಿಸಿ, ಅದರ ಜಾಗಕ್ಕೆ ಮತ್ತೊಂದನ್ನು ತರಿಸಿಕೊಳ್ಳುವ ನಾವು ಗಣಿಯನ್ನು ಮಾತ್ರ ದೂರುವುದು ಹೇಗೆ?

ಈ ಯಂತ್ರದ ಕೆಲಸ ಸರಳವಾದದ್ದು. 45 ಡಿಗ್ರಿಗೆ ಕೊಯ್ದ ಎರಡು ಪಟ್ಟಿಗಳ ತುದಿಗೆ ಅಂಟು ಸವರಿ, ಲಂಬಕೋನದ ಆಧಾರಕ್ಕೆ ಒತ್ತಿ ಹಿಡಿದು ತುಳಿದರೆ, ಇಂಗ್ಲಿಷಿನ 'ವಿ' ಅಕ್ಷರದಂತೆ ಮಡಿಚಿದ ಉಕ್ಕಿನ ಮೊಳೆಯೊಂದು ಅಡಿಯಿಂದ ಎರಡೂ ಪಟ್ಟಿಗಳೊಳಗೆ ಏರಿ ಅವನ್ನು ಪರಸ್ಪರ ಎಳೆದು ಹಿಡಿಯುತ್ತದೆ. ಅಂಟು ಒಣಗಿದ ಬಳಿಕ ಅಂಟು, ಮೊಳೆ ಎರಡೂ ಸೇರಿ ಮೂಲೆಯನ್ನು ಕಾಯುತ್ತವೆ. ಗಾಳಿಯೊತ್ತಡದಿಂದ ನಡೆಯುವ ದೊಡ್ಡ ಯಂತ್ರಗಳೂ ಇವೆ. ಅವಕ್ಕೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟು ಬೇಕು. ಆಷಾಢದ ಮಳೆಯಲ್ಲಿ ದಿನಗಟ್ಟಲೆ ವಿದ್ಯುತ್ ಕಾಣದ ನಮ್ಮ ಊರುಗಳಿಗೆ ಕಾಲಿನ ಯಂತ್ರವೇ ಹಿತ. ಯಂತ್ರಗಳ ಬಗ್ಗೆ ಅನುಮಾನವಿದ್ದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಮನುಷ್ಯನ ಕೈಯನ್ನು ನಿರುದ್ಯೋಗಿಯಾಗಿಸದೆ ಅದರ ಶ್ರಮವನ್ನಷ್ಟೇ ಹಗುರಗೊಳಿಸುವ ಯಂತ್ರಗಳ ಸಾಲಿಗೆ ಇದನ್ನೂ ಸೇರಿಸಲು ನನಗೆ ಸಂಕೋಚವಿಲ್ಲ.

ಇನ್ನು ಪಟ್ಟಿಯ ಮಾತು. ಇಂದು ಪೇಟೆಯಲ್ಲಿ 'ಸಿಂಥೆಟಿಕ್', 'ಫೈಬರ್' ಎಂಬ ಹೆಸರಿನಲ್ಲಿ ಸಿಗುವ ಹೊಳೆಯುವ ಪಟ್ಟಿಗಳು ಬಹುಪಾಲು ಪಾಲಿಸ್ಟೈರೀನ್. ಥರ್ಮೋಕೋಲಿನ ಮೂಲವಸ್ತುವೇ ಅದು. ಬಳಸಿ ಬಿಸಾಡಿದ ಥರ್ಮೋಕೋಲನ್ನು ಕರಗಿಸಿಯೂ ಅದನ್ನು ತಯಾರಿಸುತ್ತಾರೆ, ಅದರಿಂದ ಮರ ಉಳಿಯುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಒಡೆದ ಪಟ್ಟಿ ಹಳ್ಳಿಯಲ್ಲಿ ಕೊನೆಗೆ ಸೇರುವುದು ಬಚ್ಚಲೊಲೆಗೆ. ಆಗ ಏಳುವ ಕಪ್ಪು ಹೊಗೆಯನ್ನು ಕುಡಿಯುವವರು ನಮ್ಮ ಮನೆಯವರೇ. ಸಾಗುವಾನಿಯ ಹಳೆಯ ಕಟ್ಟಾದರೋ, ಮೂಲೆ ಸಡಿಲಿದರೂ ಮರ ಗಟ್ಟಿಯಾಗಿಯೇ ಇರುತ್ತದೆ. ಮೊಳೆಯಿರುವ ತುದಿಗಳನ್ನು ಕೊಯ್ದು ತೆಗೆದರೆ ಅದೇ ಮರದಿಂದ ಕೊಂಚ ಚಿಕ್ಕದೊಂದು ಕಟ್ಟು ಸಿದ್ಧ. ಹೊಸ ಮರ ಬೀಳಬೇಕಿಲ್ಲ, ಪ್ಲಾಸ್ಟಿಕ್ಕೂ ಬರಬೇಕಿಲ್ಲ. ಆದರೆ ಮರುಜೋಡಣೆಗೆ ಊರಿನಲ್ಲೊಂದು ಯಂತ್ರ, ಅದನ್ನು ಬಲ್ಲ ಒಬ್ಬ ಕೆಲಸಗಾರ ಇರಬೇಕು.

ಬಳಸಿದ ಯಂತ್ರ ಕೊಳ್ಳುವ ತರುಣರಿಗೆ ಕೆಲವು ಮಾತು. ಬಣ್ಣ ನೋಡಿ ಮರುಳಾಗಬೇಡಿ. ನೀವು ನಿತ್ಯ ಬಳಸುವ ಮರದ ತುಂಡುಗಳನ್ನೇ ಕೊಯ್ದುಕೊಂಡು ಹೋಗಿ, ನಾಲ್ಕೂ ಮೂಲೆ ಜೋಡಿಸಿ ಮೂಲೆಮಟ್ಟವಿಟ್ಟು ನೋಡಿ. ಮೊಳೆ ಮರದ ಮಟ್ಟಕ್ಕೆ ಪೂರ್ತಿ ಇಳಿಯದಿದ್ದರೆ, ಓರೆಯಾಗಿ ಏರಿದರೆ, ಅದನ್ನು ತಳ್ಳುವ ಉಕ್ಕಿನ ಅಲಗಿನ ತುದಿ ಸವೆದಿದೆಯೇ, ಚಕ್ಕೆ ಎದ್ದಿದೆಯೇ ಎಂದು ಪರೀಕ್ಷಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಹೊಂದುವ ಮೊಳೆ ಇಂದಿಗೂ ಮಾರುಕಟ್ಟೆಯಲ್ಲಿದೆಯೇ ಎಂದು ವಿಚಾರಿಸಿ. ಒಂದೇ ತಯಾರಕರ ಮೊಳೆಯನ್ನು ಮಾತ್ರ ಒಪ್ಪುವ ಯಂತ್ರ ಅಗ್ಗವಾಗಿ ಸಿಕ್ಕರೂ ಮುಂದೆ ದುಬಾರಿಯಾದೀತು. ಮೆದು ಮರಕ್ಕೆ, ಗಟ್ಟಿ ಮರಕ್ಕೆ ಬೇರೆ ಬೇರೆ ಮೊಳೆಗಳಿವೆಯೆಂಬುದೂ ನೆನಪಿರಲಿ. ನಮ್ಮ ಅಕೇಶಿಯಾದ ತುಂಡಿಗೆ ಮೆದು ಮರದ ಮೊಳೆ ಹೊಡೆದು, ಅದು ಬಾಗಿದ ಮೇಲೆ ಯಂತ್ರವನ್ನು ಶಪಿಸುವವರನ್ನು ನಾನು ಕಂಡಿದ್ದೇನೆ.

ನಿರ್ವಹಣೆಗೆ ದಿನಕ್ಕೆ ಹತ್ತು ನಿಮಿಷ ಸಾಕು. ಮೊಳೆಗಳನ್ನು ಸಾಲಾಗಿ ಹಿಡಿದಿಡುವ ಅಂಟಿನ ಚೂರು, ಮರದ ಹುಡಿ ಮೊಳೆಯ ದಾರಿಯಲ್ಲಿ ಸೇರಿ ಸಿಕ್ಕಿಕೊಳ್ಳುತ್ತವೆ. ಸಂಜೆ ಅಂಗಡಿ ಮುಚ್ಚುವ ಮುನ್ನ ಅದನ್ನು ಬ್ರಷ್ಷಿನಿಂದ ತೆಗೆಯಬೇಕು. ಆ ದಾರಿಗೆ ಎಣ್ಣೆ ಸುರಿಯಬಾರದು. ಎಣ್ಣೆ ಹುಡಿಯನ್ನು ಹಿಡಿದು ಕೆಸರಾಗುತ್ತದೆ. ತುಳಿಗೆಯ ಕೀಲುಗಳಿಗಷ್ಟೇ ಎಣ್ಣೆ. ಗಾಳಿಯ ಯಂತ್ರವಾದರೆ ಕಂಪ್ರೆಸರಿನಲ್ಲಿ ನಿಂತ ನೀರನ್ನು ಬಸಿಯಬೇಕು. ಮಲೆನಾಡಿನ ತೇವದಲ್ಲಿ ಮೊಳೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡದಿದ್ದರೆ ತುಕ್ಕು ಖಂಡಿತ. ಮರವನ್ನೂ ಚೆನ್ನಾಗಿ ಒಣಗಿಸಿಯೇ ಜೋಡಿಸಬೇಕು: ಮಳೆಗಾಲದಲ್ಲಿ ಹಸಿಯಾಗಿ ಜೋಡಿಸಿದ ಪಟ್ಟಿ ಬೇಸಿಗೆಯಲ್ಲಿ ಅಗಲಕ್ಕೆ ಕುಗ್ಗಿ, ಮೂಲೆಯ ಒಳಬದಿ ಬಾಯಿ ಬಿಡುತ್ತದೆ. ಗಿರಾಕಿ ಆಗ ದೂರುವುದು ಕೆಲಸಗಾರನನ್ನು.

ಮಾರುವ ಹಿರಿಯರಲ್ಲೂ ಒಂದು ಬಿನ್ನಹ. ಗುಜರಿಯ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಡುವವರು ನಿಮ್ಮ ಸುತ್ತಲೇ ಇದ್ದಾರೆ. ಉಳಿದ ಮೊಳೆ, ಬಿಡಿಭಾಗ, ಕೈಪಿಡಿಗಳನ್ನು ಯಂತ್ರದೊಡನೆಯೇ ಕೊಡಿ. ಅದಕ್ಕಿರುವ ದೋಷವನ್ನು ಮುಚ್ಚಿಡದೆ ಹೇಳಿ. ಸಾಧ್ಯವಾದರೆ ಕೊಂಡವನನ್ನು ನಾಲ್ಕು ದಿನ ಬಳಿಯಲ್ಲಿ ಕೂರಿಸಿಕೊಂಡು ಕೆಲಸ ತೋರಿಸಿಕೊಡಿ. ಯಂತ್ರದೊಂದಿಗೆ ನಿಮ್ಮ ಕೈಯ ಹದವೂ ದಾಟಿದರೆ ಮಾತ್ರ ಆ ಮಾರಾಟ ಪೂರ್ಣ.

ಸರಕಾರವೂ ಈಚೆಗೆ ದುರಸ್ತಿಯ ಮಾತಾಡುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಮಾಹಿತಿಯ ಜಾಲತಾಣವೊಂದನ್ನು ತೆರೆಯಿತು. ಅಲ್ಲಿ ಆಯ್ದುಕೊಂಡದ್ದು ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳನ್ನು. ಸಣ್ಣ ಕಸುಬಿನ ಯಂತ್ರಗಳು ಆ ಪಟ್ಟಿಯಲ್ಲಿಲ್ಲ. ಅವುಗಳ ಹಕ್ಕನ್ನು ಕೇಳೋಣ. ಆದರೆ ದೆಹಲಿಯ ಉತ್ತರಕ್ಕೆ ಕಾಯುತ್ತ ಕೂರುವುದು ಬೇಡ.

ನನ್ನ ಸಲಹೆ ಇಷ್ಟೇ. ನಮ್ಮ ಬಳಗ ಪ್ರತಿ ಪಂಚಾಯ್ತಿಯಲ್ಲೂ ಒಂದು ವಹಿ ಇಡಲಿ. ಯಾರ ಬಳಿ ಯಾವ ಯಂತ್ರ ಸುಮ್ಮನೆ ನಿಂತಿದೆ, ಯಾರಿಗೆ ಯಾವುದು ಬೇಕು, ದುರಸ್ತಿ ಬಲ್ಲವರು ಯಾರು ಎಂಬ ಮೂರೇ ಅಂಕಣ ಅದರಲ್ಲಿರಲಿ. ವಿದ್ಯಾರ್ಥಿ ಗೆಳೆಯರು ರಜೆಯಲ್ಲಿ ಮನೆ ಮನೆ ತಿರುಗಿ ಬರೆದುಕೊಳ್ಳಬಹುದು. ಆ ಬಡಗಿ ಯುವಕ ಕೊನೆಗೆ ಸಾಲ ಮಾಡಿಯೇ ಹೊಸ ಯಂತ್ರ ಕೊಂಡ. ಇನ್ನೂ ಕಂತು ಕಟ್ಟುತ್ತಿದ್ದಾನೆ. ಮುಂದಿನ ಅಂಗಡಿ ಮುಚ್ಚುವ ಮೊದಲಾದರೂ ನಮ್ಮ ವಹಿ ತೆರೆದಿರಲಿ.