ಹೆಂಡತಿಯ ಆಸ್ಪತ್ರೆ ಚೀಟಿ, ಗಂಡನ ಸಂತೆ ಚೀಲ



ಕನ್ನಡದ ಪ್ರಶ್ನೆ ಎಂದರೆ ಬರೀ ನಾಮಫಲಕ, ಸಿನಿಮಾ, ಗಡಿ, ನದಿ ನೀರು ಎಂದುಕೊಂಡವರು ಒಂದು ಸೋಮವಾರ ಬೆಳಿಗ್ಗೆ ಯಾವುದಾದರೂ ದೊಡ್ಡಾಸ್ಪತ್ರೆಯ ಮುಂದೆ ನಿಂತು ನೋಡಲಿ. ಒಂದು ಕೈಯಲ್ಲಿ ಹೆಂಡತಿಯ ಫೈಲು, ಇನ್ನೊಂದು ಕೈಯಲ್ಲಿ ಮಡಚಿದ ಸಂತೆ ಚೀಲ ಹಿಡಿದ ಗಂಡಸರು ಎಷ್ಟು ಜನ ಎಂದು ಎಣಿಸಲಿ. ಗಂಡನನ್ನು ಕರೆತಂದ ಹೆಂಗಸರೂ ಅಲ್ಲಿ ಕಡಿಮೆಯೇನಿಲ್ಲ. ಅವರು ಎಂದಿನಿಂದಲೂ ಎರಡೂ ಕೆಲಸ ಮಾಡಿಕೊಂಡು ಬಂದವರು, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ!

ಆಸ್ಪತ್ರೆಗೆ ಸಂತೆ ಚೀಲ ಏಕೆ ಎಂದು ಕೇಳುತ್ತೀರಾ? ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಅಕ್ಕಿ, ಬೇಳೆ, ತರಕಾರಿ ತಾವಾಗಿಯೇ ನಡೆದು ಬರುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಮನೆಯವರೇ ಹೋಗಬೇಕು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಮೊಬೈಲಿಗೆ ಬಂದ ನಂಬರ್ ಹೇಳಿ ಎನ್ನುತ್ತಾನೆ, ಮೊಬೈಲು ನೋಡಿದರೆ ಆಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತದೆ. ದಿನಗೂಲಿಯವನಿಗೆ ರಜೆ ಎಂದರೆ ಅಂದಿನ ಕೂಲಿ ಹೋಯಿತೆಂದೇ ಲೆಕ್ಕ. ಡಯಾಲಿಸಿಸ್ ಮನೆಯವರನ್ನು ಕೇಳಿ ನೋಡಿ: ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ತಾಸು. ಅವರಿಗೆ ಉಳಿದ ವಾರವಾದರೂ ಎಷ್ಟು?

ಆದ್ದರಿಂದ ಆಸ್ಪತ್ರೆಯ ದಿನವೇ ಪೇಟೆ ಕೆಲಸವನ್ನೂ ಮುಗಿಸಿ ಬರುವುದು ಬಡವರು ಕಂಡುಕೊಂಡ ಉಪಾಯ. ಬೆಂಗಳೂರಿನಲ್ಲಿ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಮೂರೂ ಆಸ್ಪತ್ರೆಗಳು ಕೃಷ್ಣರಾಜ ಮಾರುಕಟ್ಟೆಯ ಮಗ್ಗುಲಲ್ಲೇ ಇವೆ. ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಸೊಪ್ಪು, ಈರುಳ್ಳಿ ತಂದುಬಿಡಬಹುದು. ಶಕ್ತಿ ಯೋಜನೆ ಬಂದ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ. ಗಂಡನಿಗೆ ಉಂಟು! ತಾರೀಖು ತಪ್ಪಿ ಇನ್ನೊಮ್ಮೆ ಬಂದರೆ ಆ ದಂಡ ಅವನ ಜೇಬಿಗೇ.

ಈ ಉಪಾಯವೆಲ್ಲ ನಿಂತಿರುವುದು ಒಂದು ಚೀಟಿಯ ಮೇಲೆ. ಮುಂದೆ ಯಾವತ್ತು ಬರಬೇಕು, ತಿಂದು ಬರಬೇಕೋ ತಿನ್ನದೆ ಬರಬೇಕೋ, ಮಾತ್ರೆ ಯಾವಾಗ, ಎಲ್ಲ ಅದರಲ್ಲಿದೆ. ಆ ಚೀಟಿ ಮಾತ್ರ ಕನ್ನಡದಲ್ಲಿಲ್ಲ.

ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ, ತಿಂದಾದ ಮೇಲೆ ಇನ್ನೊಮ್ಮೆ. ಚೀಟಿಯಲ್ಲಿ ಎಫ್‌ಬಿಎಸ್, ಪಿಪಿಬಿಎಸ್ ಎಂದು ಗೀಚಿ ಕೊಡುತ್ತಾರೆ. ಖಾಲಿ ಹೊಟ್ಟೆ ಎಂದರೆ ಬರೀ ನೀರು ಕುಡಿಯಬಹುದು ಎಂದು ಹೇಳುವವರಿಲ್ಲದೆ ನಮ್ಮ ತಾಯಂದಿರು ಗಂಟಲೊಣಗಿಸಿಕೊಂಡು ಬರುತ್ತಾರೆ. ಎರಡನೇ ರಕ್ತ ಕೊಡಬೇಕಾದ್ದು ಮೊದಲ ತುತ್ತು ಬಾಯಿಗಿಟ್ಟಲ್ಲಿಂದ ಸರಿಯಾಗಿ 2 ಗಂಟೆಗೆ. ಗಂಡನಿಗೆ ಮಾರ್ಕೆಟ್ಟಿಗೆ ಹೋಗಲು ಸಿಗುವುದೂ ಅದೇ 2 ಗಂಟೆ. ಅವನು ಚೌಕಾಸಿ ಮಾಡಿ, ಚೀಲ ಹೊತ್ತು, ಮೂರು ಗಂಟೆಗೆ ಬಂದನೆನ್ನಿ. ಅಷ್ಟರಲ್ಲಿ ಸಕ್ಕರೆ ಇಳಿದು ರಿಪೋರ್ಟಿನ ಅಂಕಿ ಚೆನ್ನಾಗಿ ಕಂಡುಬಿಡಬಹುದು. ಡಾಕ್ಟರು ಅದನ್ನೇ ನಂಬಿ ಹಳೇ ಮಾತ್ರೆಯನ್ನೇ ಮುಂದುವರಿಸುತ್ತಾರೆ. ಒಳಗೊಳಗೇ ಕಣ್ಣು, ಮೂತ್ರಪಿಂಡ ಸವೆಯುತ್ತಿರುತ್ತವೆ. "ಊಟ ಶುರು ಮಾಡಿದ 2 ಗಂಟೆಗೆ ಸರಿಯಾಗಿ ಬನ್ನಿ" ಎಂದು ಒಂದು ಸಾಲು ಬರೆದುಕೊಡಲು ಯಾರ ಗಂಟು ಹೋಗುತ್ತಿತ್ತು?

ಇನ್ನು ಔಷಧಿ ಚೀಟಿ. ಬಿ.ಡಿ. ಎಂದರೆ ಬೀಡಿಯಲ್ಲ, ದಿನಕ್ಕೆ 2 ಸಲ. ಟಿ.ಡಿ.ಎಸ್. ಎಂದರೆ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯಲ್ಲ, ದಿನಕ್ಕೆ 3 ಸಲ. ಎಚ್.ಎಸ್. ಎಂದರೆ ಹೈಸ್ಕೂಲಲ್ಲ, ಮಲಗುವಾಗ. ಎ.ಸಿ. ಎಂದರೆ ಊಟಕ್ಕೆ ಮೊದಲು. ಇದು ಇಂಗ್ಲಿಷ್ ಕೂಡ ಅಲ್ಲ ಸ್ವಾಮಿ, ಲ್ಯಾಟಿನ್! ರೋಮಿನಲ್ಲೇ ಯಾರ ಮನೆಯಲ್ಲೂ ಆಡದ ಭಾಷೆಯನ್ನು ಮಾಗಡಿಯ ರೈತ ಓದಬೇಕಂತೆ!

ವೈದ್ಯರು ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂತು. ಸಂತೋಷ. ಆದರೆ ದೊಡ್ಡಕ್ಷರದ ಇಂಗ್ಲಿಷೂ ಇಂಗ್ಲಿಷೇ ತಾನೇ? 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಚೀಟಿ ಕನ್ನಡದಲ್ಲಿರಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೂಡಲೇ ಶುರುವಾಯಿತು ಗೇಲಿ. ಔಷಧಿ ಹೆಸರನ್ನು ಕನ್ನಡದಲ್ಲಿ ಬರೆದು ಅಂಗಡಿಯವನು ಬೇರೆ ಮಾತ್ರೆ ಕೊಟ್ಟರೆ ಯಾರು ಹೊಣೆ ಎಂದು ಕೇಳುತ್ತಾರೆ.

ಈ ವಿಷಯದಲ್ಲಿ ನಮ್ಮವರೇ ಕೆಲವರಿಗೆ ಸಿಟ್ಟು ಬಂದರೂ ಸರಿ, ಹೇಳುತ್ತೇನೆ. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇದ್ದುಕೊಳ್ಳಲಿ. ಅದನ್ನು ಓದಬೇಕಾದವನು ಅಂಗಡಿಯವನು, ಅಲ್ಲಿ ಅಕ್ಷರ ಹೆಚ್ಚುಕಡಿಮೆಯಾದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಹಠ ಅಲ್ಲಿ ಬೇಡ. ರೋಗಿಯೂ ರೋಗಿಯ ಮನೆಯವರೂ ಮಾಡಬೇಕಾದ ಕೆಲಸ ಏನಿದೆಯೋ ಅದು ಕನ್ನಡದಲ್ಲಿರಬೇಕು. ಎಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ, ಮುಂದಿನ ತಾರೀಖು, ಬರುವಾಗ ಏನು ತರಬೇಕು. ನಾಲ್ಕು ಸಾಲು, ಅಷ್ಟೇ. ಡಾಕ್ಟರಿಗೆ ಬರೆಯಲು ಪುರುಸೊತ್ತಿಲ್ಲವೇ? ಒಂದು ರಬ್ಬರ್ ಸ್ಟಾಂಪು ಮಾಡಿಸಿ, ಬಿಟ್ಟ ಜಾಗದಲ್ಲಿ ಅಂಕಿ ತುಂಬಿದರೆ ಮುಗಿಯಿತು. ಕಂಪ್ಯೂಟರಿನಲ್ಲಿ ಚೀಟಿ ಅಚ್ಚು ಹಾಕುವ ಖಾಸಗಿ ಆಸ್ಪತ್ರೆಗಳಿಗಂತೂ ನೆಪವೇ ಇಲ್ಲ. ಅಲ್ಲಿಂದ ಮೊಬೈಲಿಗೆ ಬರುವ ಸಂದೇಶವೂ ಇಂಗ್ಲಿಷೇ. ಅದು ಸಾಲ ಬೇಕೇ, ಸೈಟು ಬೇಕೇ ಎನ್ನುವ ಜಾಹೀರಾತುಗಳ ನಡುವೆ ಹೂತುಹೋಗಿ, ಬೆಳಿಗ್ಗೆ ಎಂಟಕ್ಕೆ ಬರಬೇಕಾದವರು ರಾತ್ರಿ ಎಂಟಕ್ಕೆಂದು ತಿಳಿದು ಬಂದರೆ ತಪ್ಪು ಯಾರದು?

ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ 1963ರದು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ್ದೂ ಆಯಿತು. ಔಷಧಿ ಅಂಗಡಿಯ ಬೋರ್ಡು ಕನ್ನಡವಾಯಿತು, ಒಳಗಿನ ಮಾತ್ರೆ ಕವರು ಹಾಗೇ ಉಳಿಯಿತು! ಊರ ಕಡೆ ಅನೇಕ ಅಂಗಡಿಯವರು ತಾವಾಗಿಯೇ ಕವರಿನ ಮೇಲೆ ಬೆ, ಮ, ರಾ ಎಂದು ಬರೆದು ಕೊಡುತ್ತಾರೆ. ಯಾವ ಸುತ್ತೋಲೆಗೂ ಕಾಯದೆ ಈ ಕೆಲಸ ಮಾಡುತ್ತಿರುವ ಆ ಪುಣ್ಯಾತ್ಮರಿಗೆ ನಮಸ್ಕಾರ.

ಮುಂದಿನ ಸಲ ಹೋದಾಗ ಕಿಟಕಿ ಬಿಟ್ಟು ಕದಲಬೇಡಿ. "ಮುಂದಿನ ತಾರೀಖು, ಹೊತ್ತು ಕನ್ನಡದಲ್ಲಿ ಬರೆದುಕೊಡಿ" ಎನ್ನಿ. ಹಿಂದಿನವರು ಗೊಣಗಿದರೆ ಗೊಣಗಲಿ, ಅವರಿಗೂ ಅದೇ ಚೀಟಿ ಬೇಕು. ಬರೆಯಲು ಒಪ್ಪದಿದ್ದರೆ ಅಲ್ಲೇ ಬಾಯಲ್ಲಿ ಹೇಳಿಸಿ ಫೈಲಿನ ಮೇಲೆ ನೀವೇ ಬರೆದುಕೊಳ್ಳಿ, ಆಮೇಲೆ ಆಸ್ಪತ್ರೆಯ ಮೇಲಧಿಕಾರಿಗೆ ಕನ್ನಡದಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಔಷಧಿ ಅಂಗಡಿಯಲ್ಲಿ ಪ್ರತಿ ಮಾತ್ರೆಗೂ ಬೆ, ಮ, ರಾ ಬರೆಸಿಕೊಳ್ಳಿ. ಇನ್ಸುಲಿನ್ ಕೊಳ್ಳುವುದಿದ್ದರೆ ತರಕಾರಿ, ದಿನಸಿ ಎಲ್ಲ ಮುಗಿದ ಮೇಲೆ, ಬಸ್ ಹತ್ತುವ ಮುಂಚೆ ಕೊನೆಗೆ ಕೊಳ್ಳಿ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು ಎಂದು ಡಬ್ಬಿಯ ಮೇಲೆ ಬರೆದಿದೆ, ಇಂಗ್ಲಿಷಿನಲ್ಲಿ.