ಕಿವಿಯನ್ನು ಕಾಯ್ದುಕೊಳ್ಳುವ ಬಗೆ

ಕಳೆದ ಕಾರ್ತಿಕ ಮಾಸದಲ್ಲಿ ಮಾಂಬಳ್ಳಿಯ ಭಕ್ತರೊಬ್ಬರ ಮನೆಯ ಮದುವೆಗೆ ನಾವು ಹೋಗಿದ್ದೆವು. ಹಿಂದಿನ ರಾತ್ರಿಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಟ್ರೈಲರಿನ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ ಡಿಜೆ ಹಾಕಿದ್ದರು. ಜಗಲಿಯ ಮೇಲೆ ಕುಳಿತಿದ್ದ ನಮಗೆ ಎದೆಗೂಡೇ ಅದುರಿದಂತಾಯಿತು.

ಮರುದಿನ ಬೆಳಿಗ್ಗೆ ಆ ಡಿಜೆ ನಡೆಸಿದ ತರುಣನು ಬಂದು ನಮಸ್ಕರಿಸಿದನು. ಅವನು ಆ ಮನೆಯ ಬಂಧುವೇ. ಇಪ್ಪತ್ತಾರರ ಪ್ರಾಯ. "ಈಗ ಎಲ್ಲಿದ್ದೀಯಪ್ಪ?" ಎಂದು ಕೇಳಿದೆವು. ಉತ್ತರವಿಲ್ಲ. ಎರಡನೆಯ ಬಾರಿ ಕೇಳಿದಾಗ ನಮ್ಮ ತುಟಿಗಳನ್ನೇ ನೋಡತೊಡಗಿದನು. ಅವನ ತಾಯಿ ಮುಂದೆ ಬಂದು, "ಬುದ್ಧೀ, ಇವನಿಗೆ ಈಗ ಕಿವಿ ಸರಿಯಾಗಿ ಕೇಳೋದಿಲ್ಲ. ರಾತ್ರಿಯೆಲ್ಲ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಗುತ್ತೆ ಅಂತ ಎದ್ದು ಕೂರ್ತಾನೆ" ಎಂದು ಕಣ್ಣೊರೆಸಿಕೊಂಡಳು.

"ಕಿವಿಗೆ ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲವೇ?" ಎಂದು ನಾವು ಗಟ್ಟಿಯಾಗಿ ಕೇಳಿದಾಗ ಆ ತರುಣನು, "ದೇವರ ಮುಂದೆ, ಹಿರಿಯರ ಮುಂದೆ ಕಿವಿ ಮುಚ್ಚಿಕೊಂಡರೆ ತಪ್ಪು ತಿಳೀತಾರೆ ಅಂತ ಹಾಕಲಿಲ್ಲ, ಬುದ್ಧೀ" ಎಂದನು.

ಈ ಮಾತು ನಮ್ಮನ್ನು ಚುಚ್ಚಿತು. ಹಲವು ವರ್ಷಗಳ ಹಿಂದೆ ಉತ್ಸವವೊಂದರಲ್ಲಿ ನಗಾರಿಯ ಬಳಿ ನಿಂತು ಕಿವಿಗೆ ಹತ್ತಿ ತುರುಕಿಕೊಂಡಿದ್ದ ಬಾಲಕನೊಬ್ಬನನ್ನು, ಮಂಗಳವಾದ್ಯಕ್ಕೆ ಕಿವಿ ಮುಚ್ಚುವುದೇ ಎಂದು ನಾವೇ ಗದರಿಸಿದ್ದೆವು. ಅಂದು ತಪ್ಪಿದ್ದವರು ನಾವು, ಆ ಬಾಲಕನಲ್ಲ. ಗುರುವು ಮಂತ್ರವನ್ನು ಉಪದೇಶಿಸುವುದು ಕಿವಿಯಲ್ಲಿ. ಅಂತಹ ಇಂದ್ರಿಯವನ್ನು ಕಾಯ್ದುಕೊಳ್ಳುವುದು ಅಗೌರವ ಹೇಗಾದೀತು?

ಕಿವಿಯ ಒಳಭಾಗದಲ್ಲಿ ಶಂಖದಾಕಾರದ ಸಣ್ಣ ಅಂಗವೊಂದಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಕ್ಕೆ ತಲುಪಿಸುವ ಕಾರ್ಯ ಇವುಗಳದು. ಅತಿಯಾದ ಶಬ್ದಕ್ಕೆ ಇವು ಬಳಲುತ್ತವೆ. ಮತ್ತೆ ಮತ್ತೆ ಬಳಲಿದರೆ ಸಾಯುತ್ತವೆ. ಕಡಿದ ಬಾಳೆ ಮತ್ತೆ ಚಿಗುರುತ್ತದೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಮನೆಗೆ ಬಂದ ಮೇಲೆ ಕಿವಿ ಗುಂಯ್‌ಗುಡುವುದು, ಮಂದವಾಗುವುದು ಮೊದಲ ಎಚ್ಚರಿಕೆ. ಮರುದಿನ ಸರಿಹೋಯಿತೆಂದು ಅದನ್ನು ಮರೆಯಬಾರದು.

ಶಬ್ದವನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂಬುದು ತಜ್ಞರ ಮತ. ಪ್ರತಿ 3 ಡೆಸಿಬಲ್ ಏರಿದಾಗ ಕಾಲಾವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡೆಸಿಬಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ಡಿಜೆ ಪೆಟ್ಟಿಗೆಗಳ ಎದುರು ಈ ಮಟ್ಟ ಸುಲಭವಾಗಿ ಮೀರುತ್ತದೆ. ಆದರೂ ನಮ್ಮ ಹುಡುಗರು ಅಲ್ಲಿ ಗಂಟೆಗಟ್ಟಲೆ ಕುಣಿಯುತ್ತಾರೆ. ಡಿಜೆಯೊಂದನ್ನೇ ದೂರುವುದೂ ನ್ಯಾಯವಲ್ಲ. ತಮಟೆ, ನಗಾರಿಗಳನ್ನು ಜೀವಮಾನವಿಡೀ ಬಾರಿಸುವ ಕಲಾವಿದರ ಕಿವಿಗೂ ಇದೇ ಅಪಾಯವಿದೆ.

ಇಯರ್ ಪ್ಲಗ್ ಎಂಬ ಕಿವಿಬಿರಡೆ ಇದಕ್ಕೆ ಸುಲಭವಾದ ರಕ್ಷಣೆ. ಹತ್ತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಔಷಧಿ ಅಂಗಡಿಗಳಲ್ಲಿ ದೊರೆಯುವ ಫೋಮ್ ಬಿರಡೆಯ ಬೆಲೆ ಅಲ್ಪ. ಶುದ್ಧವಾದ ಕೈಯಿಂದ ಅದನ್ನು ತೆಳುವಾಗಿ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಸುಮಾರು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂಡದ ಬಿರಡೆ ಇದ್ದೂ ಇಲ್ಲದಂತೆ.

ಡಿಜೆ ನಡೆಸುವವರು, ವಾದ್ಯಗಾರರು ಸ್ವರಗಳ ವ್ಯತ್ಯಾಸವನ್ನು ತಿಳಿಯಬೇಕಾಗುತ್ತದೆ. ಫೋಮ್ ಬಿರಡೆ ಉಚ್ಚ ಸ್ವರಗಳನ್ನು ಹೆಚ್ಚಾಗಿ ತಡೆಯುವುದರಿಂದ ಹಾಡು ಮಸುಕಾಗಿ ಕೇಳುತ್ತದೆ. ಅವರಿಗಾಗಿ ಎಲ್ಲ ಸ್ವರಗಳನ್ನೂ ಸರಿಸುಮಾರು ಸಮನಾಗಿ ತಗ್ಗಿಸುವ ಬೇರೆ ಬಿರಡೆಗಳಿವೆ. 100 ಡೆಸಿಬಲ್ ಶಬ್ದದಲ್ಲಿ 15 ಡೆಸಿಬಲ್ ತಗ್ಗಿದರೆ ಕಿವಿಗೆ ಬೀಳುವುದು 85 ಮಾತ್ರ. ಹದಿನೈದು ನಿಮಿಷದ ಮಿತಿ 8 ಗಂಟೆಯಾಗುತ್ತದೆ. ಬಿರಡೆಯಿಲ್ಲದವರು ದೂರ ಸರಿಯಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದವು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಸುಗೂಸುಗಳ ಕಿವಿಗೆ ಬಿರಡೆ ತುರುಕಬಾರದು. ಅವುಗಳನ್ನು ಮೆರವಣಿಗೆಯಿಂದ ದೂರವೇ ಇರಿಸಬೇಕು.

ಕಾನೂನೂ ನಮ್ಮ ಕಡೆಗಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ದೃಢಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತದ ಸ್ಥಳಗಳಿಗೆ ಸರಾಸರಿ 100 ಡೆಸಿಬಲ್ ಮಿತಿಯನ್ನು ಸೂಚಿಸಿ, ಬಂದವರಿಗೆ ಬಿರಡೆ ಒದಗಿಸಬೇಕೆಂದೂ ಶಾಂತವಾದ ಎಡೆಯೊಂದನ್ನು ಇರಿಸಬೇಕೆಂದೂ ಹೇಳಿದೆ.

ಮದುವೆಯಲ್ಲಿ ಎಲೆಯಡಿಕೆಯ ತಟ್ಟೆಯ ಪಕ್ಕದಲ್ಲಿ ಬಿರಡೆಗಳ ತಟ್ಟೆಯೊಂದನ್ನೂ ಇಡುವುದು ಕಷ್ಟವೇ? ಡಿಜೆಗೆ ಮುಂಗಡ ಕೊಡುವಾಗಲೇ ಶಬ್ದದ ಮಿತಿಯನ್ನೂ ಮಾತಾಡಿಕೊಳ್ಳಿ. ಯಜಮಾನರು ತಾವೇ ಮೊದಲು ಬಿರಡೆ ಹಾಕಿಕೊಂಡರೆ ಹುಡುಗರ ಸಂಕೋಚ ಹೋಗುತ್ತದೆ. ಒಮ್ಮೆಲೇ ಕಿವಿ ಕೇಳದಂತಾದರೆ ದಿನ ದೂಡದೆ ವೈದ್ಯರಲ್ಲಿಗೆ ಹೋಗಬೇಕು. ಶ್ರವಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಆ ತರುಣನು ಹೊರಡುವಾಗ ಅವನ ಎರಡು ವರ್ಷದ ಮಗಳು ಹಿಂದಿನಿಂದ "ಅಪ್ಪಾ" ಎಂದು ಕೂಗಿದಳು. ಅವನು ತಿರುಗಲಿಲ್ಲ. ತಾಯಿ ಹೋಗಿ ಭುಜ ಮುಟ್ಟಿದಳು. ಉಳಿದಿರುವ ಶ್ರವಣವನ್ನಾದರೂ ಕಾಯ್ದುಕೊಳ್ಳಲೆಂದು ಅವನಿಗೆ ಬಿರಡೆಗಳನ್ನು ತರಿಸಿಕೊಟ್ಟೆವು. ನಿಮ್ಮ ಮನೆಯ ಮಕ್ಕಳಿಗೆ ನೀವು ಮೊದಲೇ ತಂದುಕೊಡಿ.