ಕಟ್ಟಿಹಾಕಿದ ಹರಿಗೋಲಿಗೂ ಕೂಲಿ

ಉಚ್ಚಂಗಿದುರ್ಗದ ಸುತ್ತಲಿನ ಬಯಲಲ್ಲಿ ಮುಗಿಲು ನಂಬಿದ ಹೊಲಗಳೇ ಹೆಚ್ಚು. ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ತುಂಬಿದ ನೀರು ಕಾಣುವುದೇ ಒಂದು ಹಬ್ಬ. ರಜೆ ಸಿಕ್ಕರೆ ಗಾಡಿ ಮಾಡಿಕೊಂಡು ತುಂಗಭದ್ರಾ ಡ್ಯಾಮಿಗೋ ಹಂಪಿಯ ಹರಿಗೋಲಿಗೋ ಹೊರಡುತ್ತಾರೆ. ಅಲ್ಲಿ ಹೊಳೆ ಏರಿ, ‘ಇವತ್ತು ಬಿಡಲ್ಲ’ ಎಂದರೆ ಪ್ರವಾಸ ಕೆಟ್ಟಿತೆಂದು ಬೇಸರ. ಆದರೆ ಹಾಗೆ ಹೇಳಿದ ಅಂಬಿಗ ಆ ದಿನದ ಅತಿ ದೊಡ್ಡ ಕೆಲಸ ಮಾಡಿದ್ದಾನೆ. ಅದಕ್ಕೆ ಅವನಿಗೆ ಕೂಲಿ ಸಲ್ಲಬೇಕು.

ಎಲ್ಲ ನೀರೂ ಒಂದೇ ಅಲ್ಲ. ಇಂಗ್ಲೆಂಡಿನ ಹಳೆಯ ಸರಕು ಕಾಲುವೆಗಳಲ್ಲಿ ಏಳಡಿ ಅಗಲದ ಉದ್ದನೆಯ ದೋಣಿಗಳಲ್ಲಿ ಕುಟುಂಬಗಳು ರಜೆ ಕಳೆಯುತ್ತವೆ. ಎಂಜಿನ್ ಕೈಕೊಟ್ಟರೆ ದಡಕ್ಕೆ ಕಟ್ಟಿ ಕಾಯಬಹುದು. ಅಲ್ಲಿನ ನೀರಿಗೆ ಅಷ್ಟಾಗಿ ಸೆಳೆತವಿಲ್ಲ. ತುಂಗಭದ್ರೆಯ ಮೇಲೂ ಅಂಥ ಆಸೆ ಇಟ್ಟಿದ್ದುಂಟು. 1860ರ ದಶಕದಲ್ಲಿ ಸುಂಕೇಸುಲದಿಂದ ತೋಡಿದ ಕರ್ನೂಲು–ಕಡಪ ಕಾಲುವೆಯನ್ನು ಬೇಸಾಯಕ್ಕೂ ದೋಣಿಗೂ ಎಂದೇ ಯೋಜಿಸಿದ್ದರು. ಕೊನೆಗೆ ಬೇಸಾಯ ಉಳಿಯಿತು, ದೋಣಿ ಉಳಿಯಲಿಲ್ಲ. ಹೊಳೆಯ ಸ್ವಭಾವವಂತೂ ಬೇರೆಯೇ. ಹಡಗಲಿ ಸೀಮೆಯ ಮೈಲಾರ, ಕುರುವತ್ತಿಯಲ್ಲಿ ಬಿಸಿಲು ಕಾಯುತ್ತಿದ್ದರೂ ಶೃಂಗೇರಿ, ತೀರ್ಥಹಳ್ಳಿಯ ಮಳೆ ಹೊಳೆಯಾಗಿ ಬಂದು ಮುಟ್ಟುತ್ತದೆ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದೇ ಕೊಚ್ಚಿಹೋಯಿತು. ತಲೆಯ ಮೇಲಿನ ಆಕಾಶ ನೋಡಿ ಈ ಹೊಳೆಯನ್ನು ಅಳೆಯಲಾಗದು.

ನುರಿತ ಅಂಬಿಗನಿರುವಾಗ ಹೆದರಿಕೆ ಏಕೆ ಎನ್ನಬಹುದು. ಆ ಪಳಗಿಕೆ ಸುಳ್ಳಲ್ಲ: ಇಲ್ಲಿ ತೊಗಲು ಹೊದಿಸಿದ, ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಬರೆದಿಟ್ಟಿದ್ದಾನೆ. ಆದರೆ ಸೆಳವು ಬಲ್ಲವನಿಗೂ ಮನೆಯಿದೆ, ಸಾಲದ ಕಂತಿದೆ. ಬಿಟ್ಟರೆ ದುಡ್ಡು, ಬಿಡದಿದ್ದರೆ ಬರಿಗೈ ಎಂದಿರುವಾಗ, ದೂರದಿಂದ ಬಂದವರು ಅಂಗಲಾಚಿದರೆ ಅವನ ತಿಳಿವಳಿಕೆ ಎಷ್ಟು ಹೊತ್ತು ನಿಂತೀತು? ಲೈಫ್ ಜಾಕೆಟ್ ಸಾಕಲ್ಲ ಎಂಬ ಮಾತೂ ಇದೆ. ಅದು ಬೇಕೇಬೇಕು, ಆದರೆ ಅದರ ಸರದಿ ಬರುವುದು ದೋಣಿ ಮಗುಚಿದ ಮೇಲೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. ಎರಡು ಕಡೆಯೂ ಮಿತಿ ಮೀರಿ ಜನ ಹತ್ತಿದ್ದರೆಂದು ವರದಿಯಾಯಿತು. ಇನ್ನು ಹತ್ತಬೇಡಿ ಎಂಬ ಮಾತು ದಡದಲ್ಲೇ ಬರಬೇಕಿತ್ತು.

ಕೂತವರಿಗೆ ಕೂಲಿ ಕೊಟ್ಟರೆ ದಿನವೂ ಕೂರುತ್ತಾರೆ ಎಂಬ ಅನುಮಾನಕ್ಕೆ ಉತ್ತರ ಕಷ್ಟವಲ್ಲ. ನೀರು ಬಿಡುವ ಮುಂಚೆ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುವ ಪದ್ಧತಿ ಇದ್ದೇ ಇದೆ. ಆ ಎಚ್ಚರಿಕೆ ಬಂದ ದಿನಗಳಿಗಷ್ಟೇ ಕೂಲಿ ಎಂದು ಗೊತ್ತುಮಾಡಿದರಾಯಿತು. ಹಣಕ್ಕೆ ಬೇಸಿಗೆಯಲ್ಲಿ, ನೀರು ಇಳಿದಾಗ ಹತ್ತುವವರ ಟಿಕೆಟ್ಟಿನಿಂದಲೇ ಒಂದಷ್ಟು ಎತ್ತಿಡಬಹುದು.